ಲೈನ್‌ಮನೆಯ ಪರೀಕ್ಷಾ ಕೊಠಡಿ

ಉಗುಳು ನುಂಗಿದರೆ ತುಟಿ ಅಲುಗಿದಂತೆ ಲೆಕ್ಕವೆ? ಇರಬಹುದು. ಇಲ್ಲದೆಯೂ ಇರಬಹುದು. ತುಟಿ ಅಲುಗಿಸಬಾರದು ಎಂದು ನಿಯಮದಲ್ಲಿತ್ತು. ಉಗುಳಿನ ಬಗ್ಗೆ ಏನೂ ಇರಲಿಲ್ಲ. ಮೂಗಿನ ಮೇಲೆ ನೊಣ ಕೂತರೆ ಓಡಿಸಬಹುದೆ ಎಂದೂ ಇರಲಿಲ್ಲ. ಸುನಿಲ ಉಗುಳನ್ನು ನಾಲಿಗೆಯಡಿ ಇಟ್ಟುಕೊಂಡೇ ಪ್ರಶ್ನೆ ಓದಿದ. ಮತ್ತೆ ಓದಿದ. ಲೆಕ್ಕಪರಿಶೋಧಕನ ಹೊಣೆಗಾರಿಕೆಯ ಬಗ್ಗೆ ಕೇಳಿದ್ದರು. ಓದಿಕೊಂಡಿದ್ದ ವಿಷಯವೇ. ಆದರೆ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅವನದೇ ಮುಖ ಕಾಣುತ್ತಿತ್ತು. ಆ ಮುಖ ಯಾವಾಗ ತಪ್ಪು ಮಾಡುತ್ತದೋ ಎಂದು ಅವನೇ ಅದನ್ನು ಕಾಯುತ್ತಿದ್ದ.

ಬಿ.ಕಾಂ. ಕೊನೆಯ ವರ್ಷದ ಕೊನೆಯ ಪತ್ರಿಕೆ ಅದು. ದೂರಶಿಕ್ಷಣದ ಪರೀಕ್ಷೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯಬೇಕು. ಕ್ಯಾಮೆರಾ ನೋಡುತ್ತಿರುತ್ತದೆ, ಮೈಕು ಕೇಳುತ್ತಿರುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಬೇರೆ ದನಿ ಕೇಳಬಾರದು. ಮುಖ ಚೌಕಟ್ಟಿನ ಹೊರಗೆ ಹೋಗಬಾರದು. ಮೂರನೆಯ ಎಚ್ಚರಿಕೆಗೆ ಪರೀಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ನಿಯಮ ಬರೆದವರ ಮನೆಯಲ್ಲಿ ಎಷ್ಟು ಕೋಣೆಗಳಿವೆಯೋ ಸುನಿಲನಿಗೆ ಗೊತ್ತಿಲ್ಲ. ಅವನ ಮನೆಯೇ ಒಂದು ಕೋಣೆ.

ಮಾದಾಪುರದಿಂದ ಒಳಗೆ ಸಾಂತಪ್ಪನವರ ಕಾಫಿ ಎಸ್ಟೇಟು. ಅದರ ಕೆಳಗಿನ ಹಳ್ಳದ ಪಕ್ಕ ಆಳುಗಳ ಲೈನು. ಒಂದೇ ಉದ್ದನೆಯ ಶೀಟಿನ ಮಾಡು, ಅದರಡಿ ಸಾಲಾಗಿ ಕೋಣೆಗಳು. ನಡುವೆ ಗೋಡೆಗಳಿವೆ. ಆದರೆ ಗೋಡೆ ಮಾಡಿನವರೆಗೆ ಹೋಗಿಲ್ಲ. ಆಳೆತ್ತರಕ್ಕೆ ನಿಂತುಬಿಟ್ಟಿದೆ. ಒಂದು ಮನೆಯ ಕೆಮ್ಮು, ಜಗಳ, ಒಗ್ಗರಣೆಯ ಘಾಟು ಸಾಲಿನ ಕೊನೆಯವರೆಗೂ ಹೋಗುತ್ತದೆ. ಕಿಟಕಿ ಇಲ್ಲ. ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಬಾಗಿಲು ಮುಚ್ಚಿದರೆ ಮುಖ ಸ್ಪಷ್ಟವಿಲ್ಲ ಎಂದು ಯಂತ್ರ ಹೇಳುತ್ತದೆ. ತೆರೆದರೆ ಇಡೀ ಅಂಗಳ ಒಳಗೆ ಬರುತ್ತದೆ. ಅವನು ಬಾಗಿಲು ತೆರೆದು, ಅದರ ಕಡೆಗೆ ಮುಖ ಮಾಡಿ ಕೂತಿದ್ದ. ಮೇಲೆ ಇಸ್ತ್ರಿ ಮಾಡಿದ ಅಂಗಿ. ಕೆಳಗೆ ಲುಂಗಿ. ಸೆಕೆಗೆ ಅದನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದ. ಕ್ಯಾಮೆರಾಕ್ಕೆ ಅಂಗಿ ಸಾಕು.

ಎಸ್ಟೇಟ್ ಆಫೀಸಿನಲ್ಲಿ ವೈಫೈ ಇತ್ತು, ಕಿಟಕಿ ಇತ್ತು, ಮುಚ್ಚುವ ಬಾಗಿಲಿತ್ತು. ಅರ್ಧ ದಿನ ಅಲ್ಲಿ ಕೂರಲು ಬಿಡಿ ಎಂದು ಅವನು ರೈಟರ್ ಕೂಸಪ್ಪನ ಹತ್ತಿರ ಕೇಳಿದ್ದ. ಆಳುಗಳ ಹಾಜರಿ, ಕಾಫಿ ತೂಕ ಎಲ್ಲ ಕೂಸಪ್ಪನದೇ. ಅವನು ಒಳಗೆ ಹೋಗಿ ಸಾವುಕಾರರನ್ನು ಕೇಳಿದ. ಸಾಂತಪ್ಪನವರ ಮಾತು ಅಂಗಳದಲ್ಲಿ ನಿಂತಿದ್ದ ಸುನಿಲನಿಗೂ ಕೇಳಿಸಿತು.

“ಇಂದ್ ಇಂವ ಬಂದ್ ಕೂತರೆ ನಾಳೆ ಲೈನ್‌ನವೆಲ್ಲಾ ಬಂದ್ ಕೂತವೆ.”

ಕೂಸಪ್ಪ ಹೊರಗೆ ಬಂದು, ಆಫೀಸಿನಲ್ಲಿ ಆ ದಿನ ಬೇರೆ ಕೆಲಸ ಇದೆಯಂತೆ ಎಂದ. ಸುನಿಲ ಸರಿ ಎಂದ.

ಹಿಂದಿನ ಸಂಜೆ ಅವನು ಮನೆಮನೆಗೆ ಹೋಗಿ ಬೇಡಿಕೊಂಡಿದ್ದ. ನಾಳೆ ಬೆಳಿಗ್ಗೆ ಯಾರೂ ಜೋರಾಗಿ ಮಾತಾಡಬೇಡಿ, ಟಿವಿ ಹಾಕಬೇಡಿ ಎಂದು. ಅಸ್ಸಾಮಿನಿಂದ ಪಿಕಿಂಗಿಗೆ, ಕಾಫಿ ಹಣ್ಣು ಕೀಳಲು, ಬಂದ ಹುಡುಗರು ಎಡಮನೆಯಲ್ಲಿದ್ದರು. ತಲೆಯಾಡಿಸಿದರು. ಬಲಮನೆಯಲ್ಲಿ ಬೊಳ್ಳಿ ಅಜ್ಜಿ. ಕಾಲು ಊದಿಕೊಂಡು ಕೆಲಸ ಬಿಟ್ಟವಳು. ಸದಾ ಕೆಮ್ಮು.

“ನಾ ಸತ್ರೂ ನಿನ್ ಪರೀಕ್ಸೆ ಮುಗಿಯೋಗಂಟ ಬಾಯಿ ಬಿಡಕಿಲ್ಲ. ಹೋಗ್ಲಾ,” ಎಂದಳು ಅಜ್ಜಿ.

ಅವ್ವ ಮಾರಿ ಬೆಳಕು ಹರಿಯುವ ಮೊದಲೇ ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ಹಳ್ಳದ ಆಚೆ ಇಟ್ಟು ಬಂದಳು. ಮಧ್ಯಾಹ್ನದ ಗಂಜಿಯನ್ನೂ ಕಟ್ಟಿಕೊಂಡಳು. ಪಾಸಾದರೆ ಸೋಮವಾರಪೇಟೆಯ ಸೊಸೈಟಿಯಲ್ಲಿ ಗುಮಾಸ್ತರ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಮಗ ಹೇಳಿದ್ದ. ಪೇಟೆಯಲ್ಲಿ ಬಾಡಿಗೆ ಮನೆ. ಲೈನು ಬಿಡಬಹುದು. ಅಪ್ಪ ಸತ್ತಮೇಲೆ ಆ ಮನೆಯಿಂದ ಕೆಲಸಕ್ಕೆ ಹೋಗುತ್ತಿದ್ದವಳು ಅವಳೊಬ್ಬಳೇ. ಒಂದು ಲೈನ್‌ಮನೆಗೆ ಎರಡು ಆಳು ಎನ್ನುವುದು ಎಸ್ಟೇಟಿನ ಕಟ್ಟಲೆ. ಎರಡನೆಯ ಆಳು ಯಾವಾಗ ಬರುತ್ತಾನೆ ಎಂದು ಕೂಸಪ್ಪ ವಾರವಾರವೂ ಕೇಳುತ್ತಿದ್ದ. ಪರೀಕ್ಷೆ ಮುಗಿಯಲಿ ಎಂದು ಅವಳು ತಳ್ಳುತ್ತಿದ್ದಳು.

ಮೊದಲ ಎಚ್ಚರಿಕೆ ಎಡಗೋಡೆಯ ಮೇಲಿನಿಂದ ಬಂತು. ಜ್ವರವೆಂದು ಮಲಗಿದ್ದ ಅಸ್ಸಾಮಿನ ಹುಡುಗನಿಗೆ ಊರಿನಿಂದ ಫೋನು ಬಂತು. ಅವನು ಎರಡು ಮಾತು ಆಡಿ, ನೆನಪಾಗಿ, ಫಕ್ಕನೆ ನಿಲ್ಲಿಸಿದ. ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿ ಎದ್ದಿತ್ತು. ಬೇರೆ ವ್ಯಕ್ತಿಯ ದನಿ ಪತ್ತೆಯಾಗಿದೆ.

ಸುನಿಲ ಹಲ್ಲು ಕಚ್ಚಿ ಬರೆದ. ಉತ್ತರಗಳು ಬರತೊಡಗಿದ್ದವು. ಅರ್ಧ ಪತ್ರಿಕೆ ದಾಟಿದ.

ಆಮೇಲೆ ಬಲಗಡೆ ಒಂದು ಸದ್ದು ಶುರುವಾಯಿತು. ಕೆಮ್ಮಲ್ಲ. ಕೆಮ್ಮನ್ನು ತಡೆಯುವ ಸದ್ದು. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡಿರಬೇಕು. ಗಂಟಲೊಳಗೆ ಏನೋ ಒದ್ದಾಡುತ್ತಿತ್ತು. ಕೆಮ್ಮಿಬಿಡು ಅಜ್ಜಿ ಎಂದು ಕೂಗಬೇಕೆನಿಸಿತು. ಕೂಗಿದರೆ ಅದೂ ದನಿಯೇ. ಕೊನೆಗೆ ತಡೆ ಒಡೆಯಿತು. ಒಂದರ ಹಿಂದೆ ಒಂದು, ಪಾತ್ರೆ ಉರುಳಿದ ಹಾಗೆ. ಎರಡನೆಯ ಕೆಂಪು ಪಟ್ಟಿ ಬಂತು. ಇನ್ನೊಂದಾದರೆ ಮುಗಿಯಿತು.

ಆಗ ಜೀಪಿನ ಸದ್ದು ಕೇಳಿಸಿತು.

ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದ್ದ ಕಾಲ. ಆಳು ಸಾಲದೆ ಸಾಂತಪ್ಪನವರು ತಾವೇ ಲೈನು ಲೈನು ನೋಡಿಕೊಂಡು ಬರುತ್ತಿದ್ದರು. ಜೀಪು ಅಂಗಳದಲ್ಲಿ ನಿಂತಿತು. ಮೊದಲು ಕೂಸಪ್ಪ ಇಳಿದು ಹೆಸರು ಹಿಡಿದು ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಅದು ಮುಳುಗಿತೋ ಏನೋ, ಕೆಂಪು ಪಟ್ಟಿ ಏಳಲಿಲ್ಲ. ಸುನಿಲ ಕಣ್ಣೆತ್ತಲಿಲ್ಲ. ಉತ್ತರ ಕೊಡಲಿಲ್ಲ. ಇನ್ನು ಏಳು ಪ್ರಶ್ನೆ. ಕೂತಿರು ಎಂದು ತನಗೆ ತಾನೇ ಹೇಳಿಕೊಂಡ. ಕೂತಿರು.

ಬಾಗಿಲಿನ ಬೆಳಕು ಕಪ್ಪಾಯಿತು. ಸಾಂತಪ್ಪನವರು ಹೊಸ್ತಿಲಲ್ಲಿ ನಿಂತಿದ್ದರು.

ಸುನಿಲ ಎದ್ದು ನಿಂತ.

ಏಳಬೇಕೆಂದು ಅವನು ಎಣಿಸಲಿಲ್ಲ. ಕಾಲುಗಳು ಎದ್ದವು. ಬಲಗೈ ಸೊಂಟಕ್ಕೆ ಹೋಗಿ, ಎತ್ತಿ ಕಟ್ಟಿದ್ದ ಲುಂಗಿಯ ಗಂಟು ಬಿಚ್ಚಿ, ಅದನ್ನು ಪಾದದವರೆಗೆ ಇಳಿಸಿತು. ಲೈನಿನ ಗಂಡಸರೆಲ್ಲ ಹಾಗೆಯೇ. ಜೀಪು ಕಂಡರೆ ಲುಂಗಿ ಇಳಿಯುತ್ತದೆ. ಅವನ ಅಪ್ಪನೂ ಮರ ಹತ್ತಿ ಕೊಂಬೆ ಕಡಿದು ಕಪಾತು ಮಾಡುತ್ತಿದ್ದಾಗ ಸಾವುಕಾರರು ಕೆಳಗೆ ಬಂದರೆ ಕೊಂಬೆಯ ಮೇಲೆ ನಿಂತೇ ಲುಂಗಿ ಇಳಿಸುತ್ತಿದ್ದ.

“ಎಂತ ಸುನಿಲಾ, ಪರೀಕ್ಷೆಯಾ? ಬರಿ ಬರಿ,” ಎಂದರು ಸಾಂತಪ್ಪನವರು. ಸಿಟ್ಟಿನಿಂದಲ್ಲ. ತಿರುಗಿ ಹೋದರು. ಜೀಪು ಹೋಯಿತು.

ಅವನು ಬಗ್ಗಿ ನೋಡಿದ. ಪರದೆ ಬೆಳ್ಳಗಿತ್ತು. ಪರೀಕ್ಷೆ ಮುಚ್ಚಲಾಗಿದೆ ಎಂದಿತ್ತು. ಅವನು ಕೀಲಿಗಳನ್ನು ಒತ್ತಿದ. ಮತ್ತೆ ಒತ್ತಿದ. ಬೆರಳು ನೋಯುವವರೆಗೆ ಒತ್ತಿದ.

ಬಲಗೋಡೆಯ ಮೇಲಿನಿಂದ ಸಣ್ಣ ದನಿ ಬಂತು. “ಮುಗೀತಾ ಮಗಾ? ಕೆಮ್ಲಾ?”

“ಕೆಮ್ಮು ಅಜ್ಜಿ,” ಎಂದ ಸುನಿಲ.

ಸಂಜೆ ಅವ್ವ ಬಂದು, ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡಳು. ನೆಟ್‌ವರ್ಕ್ ಹೋಯಿತು ಎಂದು ಅವನು ಹೇಳಿದ. ಬಾಯಿಗೆ ಬಂದದ್ದು ಅದೇ. ಮಾರಿ ಹೊರಗೆ ಹೋಗಿ, ಗುಡ್ಡದ ಮೇಲಿನ ಟವರಿನ ಕಡೆಗೆ ಕೈ ತೋರಿಸಿ, ಅದನ್ನು ನಿಲ್ಲಿಸಿದವರ ಮನೆತನವನ್ನೆಲ್ಲ ಬೈದು ಬಂದಳು.

ವಾರದ ಮೇಲೆ ವಿಶ್ವವಿದ್ಯಾಲಯದವರು ವಿಚಾರಣೆ ಇಟ್ಟರು. ಅದೂ ಪರದೆಯ ಮೇಲೆಯೇ. ನೆಟ್‌ವರ್ಕ್ ಹೋದದ್ದರ ವಿಚಾರಣೆ ಎಂದು ಅವ್ವನಿಗೆ ಹೇಳಿದ. ಕಾತ್ಯಾಯನಿ ಎಂಬ ಮೇಡಂ ಕೇಳುವವರು. ವಿವೇಕ್ ಎಂಬ ಯುವಕ ವಿಡಿಯೋ ತೋರಿಸುವವನು. ಸುನಿಲ ತನ್ನನ್ನು ತಾನು ನೋಡಿದ. ಮುಖ ಮೇಲಕ್ಕೆ ಹೋಗಿ ಮಾಯವಾಗುತ್ತದೆ. ಅಂಗಿಯ ಗುಂಡಿಗಳು ಬರುತ್ತವೆ. ಹೊಟ್ಟೆ ಬರುತ್ತದೆ. ಒಂದು ಕೈ ಬಂದು ಸೊಂಟದಲ್ಲಿ ಏನನ್ನೋ ಬಿಚ್ಚುತ್ತದೆ. ಪರೀಕ್ಷೆ ಮುಚ್ಚಿದ್ದರಿಂದ ವಿಡಿಯೋ ಅಲ್ಲಿಗೇ ಮುಗಿದಿತ್ತು, ಸಾವುಕಾರರ ಮಾತು ಅದರಲ್ಲಿ ಇರಲಿಲ್ಲ. ವಿವೇಕ್ ಅಲ್ಲಿಗೇ ನಿಲ್ಲಿಸಿದ. ಅದನ್ನು ದೊಡ್ಡದು ಮಾಡಿ ತೋರಿಸಿದ.

ಮೇಡಂ ಗದರಲಿಲ್ಲ. ಸೊಂಟದಲ್ಲಿ ಏನಿತ್ತು, ಚೀಟಿಯೆ ಎಂದು ಕೇಳಿದರು. ಏನೂ ಇರಲಿಲ್ಲ, ಲುಂಗಿ ಎಂದ. ಲುಂಗಿಯನ್ನು ಯಾಕೆ ಮುಟ್ಟಿದಿರಿ? ಸಾವುಕಾರರು ಬಂದರು ಎಂದ.

“ಯಾರೋ ಬಂದರೆ ಲುಂಗಿ ಯಾಕೆ ಬಿಚ್ಚಬೇಕು ಸುನಿಲ್?” ಎಂದರು ಮೇಡಂ.

ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದು ಅವನಿಗೆ ಕಂಡಿತು. ಎಲ್ಲಿಂದ ಶುರುಮಾಡಿ ಹೇಳಬೇಕು? ಲೈನಿನಿಂದಲೆ? ಅಪ್ಪನಿಂದಲೆ? ಅವನು ಸುಮ್ಮನಾದ. ಸುಮ್ಮನಿದ್ದಷ್ಟೂ ಹೊತ್ತು ಚೀಟಿ ಇದ್ದದ್ದು ನಿಜವಾಗುತ್ತಾ ಹೋಯಿತು. ಕೊನೆಗೆ ಮೇಡಂ, ಬಂದಿದ್ದ ವ್ಯಕ್ತಿಯೇ ಮುಂದಿನ ವಿಚಾರಣೆಯಲ್ಲಿ ಹಾಜರಾಗಿ ಬಂದದ್ದು ಹೌದು ಎಂದು ಹೇಳಿದರೆ ಈ ಪತ್ರಿಕೆ ಮತ್ತೆ ಬರೆಯಲು ಬಿಡಬಹುದು ಎಂದರು. ಇಲ್ಲದಿದ್ದರೆ ನಕಲು ಎಂದೇ ತೀರ್ಮಾನ, ಎರಡು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ.

ಸುನಿಲ ಕಣಕ್ಕೆ ಹೋದ. ಸಾಂತಪ್ಪನವರು ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದರು. ಬಿಸಿಲಲ್ಲಿ ಹೆಂಗಸರು ಕಾಫಿ ಹರವುತ್ತಿದ್ದರು. ಅವನು ನಿಂತುಕೊಂಡು ಎಲ್ಲ ಹೇಳಿದ. ಅವರು ಕೇಳಿಸಿಕೊಂಡು ನಕ್ಕರು.

“ನಾ ನಿಂಗೆ ಎದ್ದ್ ನಿಲ್ಲಿಕೆ ಹೇಳಿದೆನಾ?”

ಇಲ್ಲ ಎಂದ ಸುನಿಲ. ಅದು ನಿಜವೇ ಆಗಿತ್ತು. ಸಾಂತಪ್ಪನವರು ಆ ದಿನವಷ್ಟೇ ಅಲ್ಲ, ಯಾವತ್ತೂ ಯಾರಿಗೂ ಎದ್ದು ನಿಲ್ಲಲು ಹೇಳಿದವರಲ್ಲ.

ಹೇಳಲು ಅವರು ಒಪ್ಪಿದರು. ಅವರಿಗೆ ಅದರಲ್ಲಿ ಖುಷಿಯೇ ಇದ್ದ ಹಾಗಿತ್ತು. ನಮ್ಮ ತೋಟದ ಮಕ್ಕಳಿಗೆ ಮರ್ಯಾದೆ ಗೊತ್ತು ಎಂದು ನಾನೇ ಹೇಳುತ್ತೇನೆ ಎಂದರು. ಬದಲಿಗೆ, ಮನೆಯಲ್ಲಿ ಸುಮ್ಮನೆ ಕೂತಿರುವ ಬದಲು ಪಿಕಿಂಗ್ ಮುಗಿಯುವವರೆಗೆ ಅವ್ವನ ಜೊತೆ ಕೆಲಸಕ್ಕೆ ಬಾ ಎಂದರು. ಕೂಸಪ್ಪ ಅಲ್ಲೇ ಅವನ ಹೆಸರು ಹಾಜರಿಗೆ ಸೇರಿಸಿದ.

ಅವನು ಹೋದ. ಸೊಂಟಕ್ಕೆ ಚೀಲ ಕಟ್ಟಿ, ರೋಬಸ್ಟಾ ಗಿಡದ ಕೊಂಬೆ ಬಗ್ಗಿಸಿ, ಹಣ್ಣು ಕಿತ್ತ. ಬೆಳಗಿನ ಇಬ್ಬನಿಗೆ ತೋಳು ಒದ್ದೆ. ಆಮೇಲೆ ಬಿಸಿಲು. ಚಗಳಿ ಇರುವೆ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಬೆರಳ ತುದಿ ಒಡೆದು, ಹಣ್ಣಿನ ಅಂಟು ಬಿರುಕಿನೊಳಗೆ ಸೇರಿ ಉರಿಯಿತು. ಸಂಜೆ ಮೂಟೆಯನ್ನು ತಲೆಯ ಮೇಲೆ ಹೊತ್ತು ಏರು ಹತ್ತುವಾಗ ಕತ್ತಿನ ನರ ಕಿವಿಯವರೆಗೆ ಎಳೆಯುತ್ತಿತ್ತು. ಅವ್ವ ಅವನ ಮುಂದೆ ಇಂಥದೇ ಮೂಟೆ ಹೊತ್ತು ಹತ್ತುತ್ತಿದ್ದಳು. ಅವಳು ನಿಲ್ಲುತ್ತಿರಲಿಲ್ಲ. ನಿಂತರೆ ಮತ್ತೆ ಹೊರಡಲು ಆಗುವುದಿಲ್ಲ ಎಂದಿದ್ದಳು. ತೂಕದ ಹತ್ತಿರ ಹೆಂಗಸರು ಅವನನ್ನು ಬಿ.ಕಾಂ. ಎಂದೇ ಕರೆದರು. ಏ ಬಿ.ಕಾಂ., ನಂದೊಂದು ಮೂಟೆ ಎತ್ತು ಬಾ. ಅವನು ನಕ್ಕ. ಎತ್ತಿದ. ನಕ್ಕದ್ದಕ್ಕೆ ಆಮೇಲೆ ತನ್ನ ಮೇಲೆಯೇ ಅಸಹ್ಯವಾಯಿತು.

ವಿಚಾರಣೆಯ ದಿನ ಅವನನ್ನು ಆಫೀಸಿಗೆ ಕರೆದರು. ಹುಟ್ಟಿದಾಗಿನಿಂದ ಆ ತೋಟದಲ್ಲಿದ್ದವನು ಆಫೀಸಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನೆಲ ತಣ್ಣಗಿತ್ತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. ಸಾಂತಪ್ಪನವರು ಅದರ ಮುಂದೆ ತಮ್ಮ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಕೂಸಪ್ಪನ ಕುರ್ಚಿ ಖಾಲಿ ಇತ್ತು. ಕೂಸಪ್ಪ ಬಾಗಿಲ ಹತ್ತಿರ ನಿಂತಿದ್ದ. ಸುನಿಲ ಸಾವುಕಾರರ ಹಿಂದೆ ನಿಂತ.

ಪರದೆಯ ಸಣ್ಣ ಚೌಕದಲ್ಲಿ ಅವರ ಮುಖ ತುಂಬಿತ್ತು. ಅದರ ಹಿಂದೆ ಒಂದು ಹೊಟ್ಟೆ, ಅಂಗಿಯ ನಾಲ್ಕು ಗುಂಡಿ. ತಲೆ ಇರಲಿಲ್ಲ.

ಸಾಂತಪ್ಪನವರು ಚೆನ್ನಾಗಿ ಮಾತಾಡಿದರು. ಆ ದಿನ ತಾವು ಲೈನಿಗೆ ಹೋದದ್ದು ಹೌದು ಎಂದರು. ಹುಡುಗ ಒಳ್ಳೆಯವನು, ಅಪ್ಪನನ್ನು ಕಳೆದುಕೊಂಡವನು ಎಂದರು. ಚೀಟಿ ಗೀಟಿ ಎಲ್ಲ ಸುಳ್ಳು, ದೊಡ್ಡವರನ್ನು ಕಂಡರೆ ಲುಂಗಿ ಇಳಿಸಿ ನಿಲ್ಲುವುದು ಇಲ್ಲಿಯವರ ಪದ್ಧತಿ ಎಂದು ಬಿಡಿಸಿ ಹೇಳಿದರು.

“ನಾವು ಯಾರೂ ಹೇಳೋದಿಲ್ಲ ಮೇಡಂ. ಅವರಾಗೇ ನಿಲ್ತಾರೆ. ರಕ್ತದಲ್ಲೇ ಬಂದಿದೆ. ಈಗಲೂ ನೋಡಿ, ನಿಂತೇ ಇದ್ದಾನೆ.”

ವಿವೇಕ್ ನಕ್ಕ. ಮೇಡಂ ಕೂಡ ಮುಗುಳ್ನಕ್ಕರು. ಈ ಕಾಲದಲ್ಲೂ ಇಂಥ ಸಂಸ್ಕಾರ ಇದೆಯಲ್ಲ ಎಂದರು. ಎಲ್ಲ ಮುಗಿದಂತೆಯೇ ಇತ್ತು. ಪತ್ರಿಕೆ ಮತ್ತೆ ಬರೆಯಬಹುದು. ಸೋಮವಾರಪೇಟೆ ಕೈಗೆಟಕುವಷ್ಟು ಹತ್ತಿರ ಬಂದಿತ್ತು.

“ಗೌರವಕ್ಕಾಗಿ ಎದ್ದದ್ದು ಅಂತ ಬರ್ಕೊಳ್ತೀನಿ ಸುನಿಲ್. ಸರಿ ತಾನೆ? ನಿಮ್ಮ ಮುಖವೇ ಕಾಣ್ತಿಲ್ಲ. ಕೂತ್ಕೊಂಡು ಹೇಳಿ,” ಎಂದರು ಮೇಡಂ.

ಸುನಿಲ ಪರದೆಯ ಮೇಲಿನ ಆ ಹೊಟ್ಟೆಯನ್ನು ನೋಡಿದ. ತುಂಬ ಹೊತ್ತು ನೋಡಿದ. ರಕ್ತದಲ್ಲೇ ಬಂದಿದೆ ಎಂಬ ಮಾತು ಕಿವಿಯಿಂದ ಇಳಿಯುತ್ತಿರಲಿಲ್ಲ. ಅವನು ಕೂಸಪ್ಪನ ಕುರ್ಚಿ ಎಳೆದ. ಅದರ ಕಾಲು ನೆಲಕ್ಕೆ ಉಜ್ಜಿ ಕಿರ್ ಎಂದಿತು. ಸಾವುಕಾರರ ಪಕ್ಕದಲ್ಲಿ ಕೂತ. ಮೊಣಕೈಯನ್ನು ಕುರ್ಚಿಯ ಕೈಯ ಮೇಲಿಟ್ಟ.

“ಗೌರವ ಅಂತ ಬರೀಬೇಡಿ ಮೇಡಂ.”

“ಮತ್ತೆ ಏನಂತ ಬರೀಲಿ?”

ಬಾಗಿಲಲ್ಲಿ ಕೂಸಪ್ಪ ಒಂದು ಹೆಜ್ಜೆ ಒಳಗಿಟ್ಟು, ಏಳೋ ಎಂದು ತುಟಿಯಲ್ಲೇ ಹೇಳಿದ. ಸುನಿಲ ಅವನನ್ನು ನೋಡಿದ. ಏಳಲಿಲ್ಲ.

ಸಾಂತಪ್ಪನವರು ಅವನ ಮುಖ ನೋಡಲಿಲ್ಲ. ಕುರ್ಚಿಯ ಕೈಯನ್ನು, ಅದರ ಮೇಲಿದ್ದ ಅವನ ಮೊಣಕೈಯನ್ನು ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿದರು. ದನಿ ಮೊದಲಿನಷ್ಟೇ ಮೆತ್ತಗಿತ್ತು.

“ಆ ದಿನ ನಾನು ಲೈನ್ ಕಡೆ ಹೋಗಿರಲಿಲ್ಲ ಮೇಡಂ.”

“ಈಗ ತಾನೆ ಹೋಗಿದ್ದೆ ಅಂದ್ರಿ.”

“ನೆನಪು ತಪ್ಪಿತು. ಅದು ಬೇರೆ ದಿನ.”

ಮೇಡಂ ಇಬ್ಬರನ್ನೂ ನೋಡಿದರು. ತೀರ್ಮಾನವನ್ನು ಆಮೇಲೆ ತಿಳಿಸುತ್ತೇವೆ ಎಂದರು. ಅದು ಮರುದಿನವೇ ಬಂತು. ಎರಡು ವರ್ಷ.

ಪಿಕಿಂಗ್ ಮುಗಿದ ವಾರ ಕೂಸಪ್ಪ ಬಂದು, ಮನೆ ಖಾಲಿ ಮಾಡಬೇಕಂತೆ ಎಂದ. ಎರಡು ಆಳಿನ ಮನೆಗೆ ಒಂದೇ ಆಳು ಆದರೆ ಹೇಗೆ ಎಂದ. ಸುನಿಲ ಆಗಲೇ ಆ ತೋಟದ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿ, ಮಾದಾಪುರದ ಹತ್ತಿರ ಒಂದು ಸೇತುವೆ ಕೆಲಸದಲ್ಲಿ ಜಲ್ಲಿ ಹೊರುತ್ತಿದ್ದ. ಮಾರಿ ಕೂಸಪ್ಪನ ಕೈಕಾಲು ಹಿಡಿಯಲಿಲ್ಲ. ಸರಿ ಎಂದಳು. ಅವನು ಹೋದಮೇಲೆ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು. ಸುನಿಲ ಹಗ್ಗ ಹಿಡಿದುಕೊಂಡು ಪಕ್ಕದಲ್ಲಿ ಕೂತ.

ಕೂಸಪ್ಪ ಇಡೀ ಲೈನಿಗೆ ಹೇಳಿದ್ದ, ಮಾರಿಯ ಮಗ ಸಾವುಕಾರರ ಪಕ್ಕದಲ್ಲಿ ಕುರ್ಚಿ ಎಳೆದು ಕೂತ ಎಂದು. ಅವಳು ಆವತ್ತಿನಿಂದ ಅದರ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ.

“ಕೂತ್ಯಂತೆ,” ಎಂದಳು ಈಗ.

“ಹೂಂ.”

“ನೀ ಇನ್ನೂ ನಡೀತಿರ್ಲಿಲ್ಲ. ಗಿಡದ ಬುಡದಲ್ಲಿ ಮಲಗಿಸಿ ಪಿಕಿಂಗ್ ಮಾಡ್ತಿದ್ದೆ. ಜೀಪು ಬಂದ್ರೆ ಎರಡೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸ್ತಿದ್ದೆ. ಹಂಗೇ ನಿಲ್ಲೋದು ಕಲ್ತೆ ನೀನು.” ಅವಳು ಒಂದು ತಟ್ಟೆಯನ್ನು ಸೆರಗಿನಿಂದ ಒರೆಸಿ ಗೋಣಿಯೊಳಗೆ ಇಟ್ಟಳು. “ಕುರ್ಚಿ ಮೆತ್ತಗಿತ್ತಾ?”

“ಗಟ್ಟಿ ಇತ್ತವ್ವಾ.”

ಅವಳು ನಕ್ಕಳೋ ಇಲ್ಲವೋ, ಕತ್ತಲ ಕೋಣೆಯಲ್ಲಿ ತಿಳಿಯಲಿಲ್ಲ. ಗೋಣಿಯ ಬಾಯಿ ಕಟ್ಟಲು ಅವನ ಕಡೆ ಸರಿಸಿದಳು. ಎಲ್ಲ ಆ ಹಾಳು ಟವರಿನಿಂದ ಆದದ್ದು, ಆ ದಿನ ಅದೊಂದು ಸರಿಯಾಗಿದ್ದಿದ್ದರೆ ನೀನು ಯಾರ ಬಾಗಿಲಿಗೂ ಹೋಗಬೇಕಿರಲಿಲ್ಲ ಎಂದಳು.

ಸುನಿಲ ಹಗ್ಗ ಬಿಗಿದ.

ಆ ದಿನ ನೆಟ್‌ವರ್ಕ್ ಬೆಳಗಿನಿಂದ ಸಂಜೆಯವರೆಗೂ ಚೆನ್ನಾಗಿಯೇ ಇತ್ತು ಎಂದು ಅವನು ಅವ್ವನಿಗೆ ಯಾವತ್ತೂ ಹೇಳಲಿಲ್ಲ.